ಕೇಳಿದ ಬೆಲೆ

ನಮ್ಮ ಮಾತಿನಲ್ಲಿ ಒಂದು ಸೊಗಸುಂಟು. ಮಾರುವವನು ಬೆಲೆಯನ್ನು ‘ಹೇಳುತ್ತಾನೆ’, ಕೊಳ್ಳುವವನು ‘ಕೇಳುತ್ತಾನೆ’. ‘ಎಮ್ಮೆಗೆ ಎಷ್ಟು ಹೇಳಿದಿರಿ?’ ‘ಎಂಬತ್ತು ಸಾವಿರ ಹೇಳಿದೆವು.’ ‘ಎಷ್ಟಕ್ಕೆ ಕೇಳಿದರು?’ ‘ಐವತ್ತಕ್ಕೆ ಕೇಳಿ ಹೋದರು.’ ಸಂತೆಯಲ್ಲಿ ನಿತ್ಯ ನಡೆಯುವ ಮಾತಿದು. ಕೇಳುವುದೆಂದರೆ ಪ್ರಶ್ನೆ. ಪ್ರಶ್ನೆಗೆ ಉತ್ತರ ಕೊಡಬಹುದು, ಕೊಡದೆಯೂ ಇರಬಹುದು. ಕೇಳಿದವನ ಮೇಲೆ ಹರಿಹಾಯಲು ಕಾರಣವಿಲ್ಲ. ಎಮ್ಮೆಯ ಮಟ್ಟಿಗೆ ಈ ವಿವೇಕ ಎಲ್ಲರಿಗೂ ಇದೆ. ಮಾರುವ ವಸ್ತು ಹುಟ್ಟಿದ ಮನೆಯಾದಾಗ ಮಾತ್ರ ಅದು ಎಲ್ಲಿಯೋ ಹೋಗಿ ಅಡಗಿಕೊಳ್ಳುತ್ತದೆ.

ಬೆಟಗೇರಿ ಎಂಬ ಹೆಸರಿನ ಊರುಗಳು ನಮ್ಮ ಕಡೆಗೆ ಹಲವು. ಗದಗಿನ ಮಗ್ಗುಲಿಗೆ ಒಂದಿದೆ, ಗೋಕಾಕ ಸೀಮೆಯಲ್ಲಿ ಒಂದಿದೆ. ಧಾರವಾಡ ತಾಲೂಕಿನ ನಮ್ಮದು ಉಪ್ಪಿನಬೆಟಗೇರಿ. ಅಲ್ಲಿ ನಮ್ಮ ತಂದೆಯ ಕಾಲದಿಂದ ಬಂದ ಒಂದು ಮಾಳಿಗೆಯ ಮನೆಯಿತ್ತು. ಮಣ್ಣಿನ ಗೋಡೆ, ಸಾಗವಾನಿ ಕಂಬ, ಮೇಲೆ ಜಂತಿ ಹಾಸಿ ಮಣ್ಣು ಮುಚ್ಚಿದ ಮಾಳಿಗೆ, ಮುಂದೆ ಕಟ್ಟೆ, ಹಿಂದೆ ಹಿತ್ತಲ. ಇಂಥ ಮಾಳಿಗೆಗೆ ಪ್ರತಿವರ್ಷ ಮಳೆಗಾಲದ ಮುಂಚೆ ಹೊಸ ಮಣ್ಣು ಬೀಳಬೇಕು. ತಂದೆ-ತಾಯಿ ಹೋದ ಮೇಲೆ ಮಣ್ಣು ಹಾಕುವವರು ಯಾರು? ನಾನು ಮಾಸ್ತರಿಕೆ ಮುಗಿಸಿ ಧಾರವಾಡದಲ್ಲಿಯೇ ನಿಂತವನು. ತಮ್ಮ ಪುಣೆಯಲ್ಲಿದ್ದಾನೆ. ಅಕ್ಕ ಗದಗಿನಲ್ಲಿ, ಭಾವನವರು ತೀರಿಕೊಂಡ ಮೇಲೆ, ಮಾಡಿಕೊಂಡ ಸಾಲದ ಜೊತೆಗೆ ಒಬ್ಬಳೇ ಇದ್ದಾಳೆ. ಮನೆ ಮಾರಬೇಕೆಂಬ ಮಾತು ಎದ್ದದ್ದು ಅಕ್ಕನ ಸಾಲದಿಂದಲೇ ಹೊರತು ನಮ್ಮ ಯಾರ ಆಸೆಯಿಂದಲೂ ಅಲ್ಲ.

ನಾವು 24 ಲಕ್ಷ ಹೇಳಿದೆವು. ನೆರೆಮನೆಯ ಹಿರಿಯರಿಗೆ ಅದು ಬೇಕಾಗಿತ್ತು. ನಾವು ಹುಡುಗರಿದ್ದಾಗಿನಿಂದ ಅವರಿಗೆ ಕಾಕಾ ಎನ್ನುತ್ತೇವೆ. ಅವರು ಕಟ್ಟೆಯ ಮೇಲೆ, ನಾಲ್ಕು ಜನರ ಎದುರಿಗೆ, ಎಲೆ ಅಡಿಕೆ ಹಾಕಿಕೊಳ್ಳುತ್ತ, “ಹನ್ನೊಂದ ಲಕ್ಷಕ್ಕ ಕೊಡ್ತಿ ಏನ, ನೋಡ ತಮ್ಮಾ” ಎಂದರು.

ರಾತ್ರಿ ಫೋನಿನಲ್ಲಿ ತಮ್ಮನಿಗೆ ತಿಳಿಸಿದೆ. “ಅಣ್ಣಾ, ಇದು ಬೆಲಿ ಅಲ್ಲ, ಅವಮಾನ. ಮನಿ ಬಿದ್ದು ಹೋದರೂ ಚಿಂತಿಲ್ಲ, ಅವರಿಗೆ ಕೊಡೂದು ಬ್ಯಾಡ” ಎಂದು ಕೂಗಾಡಿದನು. ಅಕ್ಕನಿಗೆ ತಿಳಿಸಿದೆ. ಅವಳು ಕೆಲಹೊತ್ತು ಸುಮ್ಮನಿದ್ದು, “ಬಿದ್ದ ಮನಿಗೆ ಹನ್ನೊಂದೂ ಬರೂದಿಲ್ಲಲ್ಲೋ ತಮ್ಮಾ” ಎಂದಳು. ಮಾನಕ್ಕೂ ಸಾಲಕ್ಕೂ ಇರುವ ಅಂತರ ಆ ಎರಡು ಮಾತುಗಳಲ್ಲಿತ್ತು.

ನನಗೆ ನಮ್ಮ ಕಡೆಯ ದನದ ಸಂತೆ ನೆನಪಾಯಿತು. ಅಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಇಬ್ಬರೂ ಕೈ ಹಿಡಿದುಕೊಳ್ಳುತ್ತಾರೆ, ಮೇಲೊಂದು ಟವೆಲ್ಲು ಮುಚ್ಚುತ್ತಾರೆ, ಒಳಗೆ ಬೆರಳು ಹಿಡಿದು ಲೆಕ್ಕ ನಡೆಯುತ್ತದೆ. ಸುತ್ತ ನಿಂತವರಿಗೆ ಕಾಣುವುದು ಮುಖ ಮಾತ್ರ. ಎಷ್ಟೇ ಕಡಿಮೆಗೆ ಕೇಳಿದರೂ ಅದು ಎರಡು ಕೈಗಳ ನಡುವಿನ ಗುಟ್ಟು. ವ್ಯಾಪಾರ ಕುದುರದಿದ್ದರೆ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋಗುತ್ತಾರೆ. ಸೋತವನೂ ಇಲ್ಲ, ಅವಮಾನವಾದವನೂ ಇಲ್ಲ. ಕಟ್ಟೆಯ ಮೇಲಿನ ಹನ್ನೊಂದು ನಮ್ಮನ್ನು ಚುಚ್ಚಿದ್ದು ಅದರ ಅಂಕಿಯಿಂದಲ್ಲ, ನಾಲ್ಕು ಜನ ಅದನ್ನು ಕೇಳಿಸಿಕೊಂಡದ್ದರಿಂದ. ಆದುದರಿಂದ ನಾನು ಮೊದಲು ಮಾಡಿದ ಕೆಲಸವೆಂದರೆ ಮಾತನ್ನು ಕಟ್ಟೆಯಿಂದ ಇಳಿಸಿ ಒಳಗೆ ತಂದದ್ದು. ಮರುವಾರ ಹೋದಾಗ ಕಾಕಾ ಅವರನ್ನು ನಮ್ಮ ಪಡಸಾಲೆಗೇ ಕರೆದು, ಚಹಾ ತರಿಸಿ, ಬಾಗಿಲು ಮುಂದೆ ಮಾಡಿದೆ.

ಮಾರುವವನ ಮನಸ್ಸಿನ ವಿಷಯವಾಗಿ ಇಲ್ಲಿಯೇ ಒಂದು ಮಾತು ಹೇಳಬೇಕು. 1990ರಲ್ಲಿ ಕಾಹ್ನೆಮನ್, ನೆಟ್ಶ್, ಥೇಲರ್ ಎಂಬ ಮೂವರು ವಿದ್ವಾಂಸರು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಕೆಲವರ ಕೈಗೆ ಕಾಫಿ ಕುಡಿಯುವ ಲೋಟ ಕೊಟ್ಟು ಎಷ್ಟಕ್ಕೆ ಮಾರುವಿರೆಂದರು. ಉಳಿದವರಿಗೆ ಎಷ್ಟಕ್ಕೆ ಕೊಳ್ಳುವಿರೆಂದರು. ಲೋಟ ಕೈಯಲ್ಲಿದ್ದವರು ಸುಮಾರು 7 ಡಾಲರು ಹೇಳಿದರು. ಇಲ್ಲದವರು 3 ಡಾಲರಿಗೂ ಕಡಿಮೆ ಕೇಳಿದರು. ಕೆಲವೇ ನಿಮಿಷ ತಮ್ಮದಾಗಿದ್ದ ಲೋಟಕ್ಕೆ ಇಷ್ಟು ಮಮತೆಯಾದರೆ, ಅವ್ವ ದೀಪ ಹಚ್ಚಿದ ದೇವರಮನೆಗೆ ಎಷ್ಟಾಗಬೇಡ? ನಮ್ಮ 24 ಲಕ್ಷದಲ್ಲಿ ಆ ದೀಪವೂ ಇತ್ತು, ಅಪ್ಪ ಒರಗಿ ಕೂಡುತ್ತಿದ್ದ ಕಂಬದ ಮೇಲಿನ ಎಣ್ಣೆಯ ಕಲೆಯೂ ಇತ್ತು. ಕಾಕಾ ಕೊಳ್ಳಬಂದದ್ದು ಇವನ್ನಲ್ಲ. ನಾವು ಮಾರಹೊರಟದ್ದೂ ಇವನ್ನಲ್ಲ. ನೆನಪನ್ನು ಯಾರೂ ಕಡಿಮೆಗೆ ಕೇಳಲಾರರು, ಏಕೆಂದರೆ ಅದನ್ನು ಯಾರೂ ಕೇಳುವುದೇ ಇಲ್ಲ.

“ಕಾಕಾ, ಹನ್ನೊಂದು ಅಂದದ್ದು ಯಾವ ಲೆಕ್ಕದ ಮ್ಯಾಲ? ಬಿಡಿಸಿ ಹೇಳ್ರಿ” ಎಂದೆ.

ಅವರು ಬಿಡಿಸಿ ಹೇಳಿದರು. ಜಂತಿಗೆ ಹುಳ ಬಿದ್ದಿದೆ, ಮಾಳಿಗೆ ಕೆಡವಲೇಬೇಕು. ಮಣ್ಣು ಹೊರಗೆ ಸಾಗಿಸಲು ಟ್ರ್ಯಾಕ್ಟರಿನ ಬಾಡಿಗೆ. ಪಂಚಾಯತಿ ದಾಖಲೆಯಲ್ಲಿ ಮನೆ ಇನ್ನೂ ಅಪ್ಪನ ಹೆಸರಿನಲ್ಲಿಯೇ ಇದೆ. ನಾಳೆ ಅಕ್ಕ ಕೋರ್ಟಿಗೆ ಹೋದರೆ ಗತಿಯೇನು? ಓಣಿ ಸಣ್ಣದು. ಹಿತ್ತಲಿನ ಬಾವಿ ಅಪಶಕುನದ್ದು.

ನಾನು ಒಂದು ಹಾಳೆಯ ಮೇಲೆ ಇವನ್ನೆಲ್ಲ ಬರೆದುಕೊಂಡೆ. ಮನೆಗೆ ಬಂದು ಮೂರು ಪಾಲು ಮಾಡಿದೆ: ನಿಜವಿದ್ದು ನಾವು ಸರಿಪಡಿಸಬಹುದಾದದ್ದು, ನಿಜವಿದ್ದು ಸರಿಪಡಿಸಲಾಗದ್ದು, ಬರಿಯ ಚೌಕಾಸಿಯ ಮಾತು. ಬಾವಿ ಮತ್ತು ಓಣಿ ಮೂರನೆಯ ಪಾಲಿಗೆ ಹೋದವು; ಆ ಓಣಿಯಲ್ಲಿಯೇ ಆಯುಷ್ಯ ಕಳೆದವರಿಗೆ ಓಣಿ ಈಗ ಸಣ್ಣದಾಯಿತೇ? ಮಾಳಿಗೆ ಎರಡನೆಯ ಪಾಲು. ಅದರ ಖರ್ಚನ್ನು ಬೆಲೆಯಲ್ಲಿ ಬಿಡುವುದೇ ನ್ಯಾಯ. ಕಾಗದಪತ್ರ ಮೊದಲನೆಯ ಪಾಲು. ಕಡಿಮೆ ಬೆಲೆಯ ಬೇರು ಅಲ್ಲಿಯೇ ಇತ್ತು.

ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕೆಂದು ಹಿಂದೂ ಉತ್ತರಾಧಿಕಾರ ಕಾನೂನಿಗೆ 2005ರಲ್ಲಿ ತಿದ್ದುಪಡಿಯಾಯಿತು; ಆ ಹಕ್ಕಿಗಾಗಿ ತಂದೆ 2005ರಲ್ಲಿ ಬದುಕಿರಬೇಕೆಂದಿಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಪು ಕೊಟ್ಟಿತು. ಆದುದರಿಂದ ಅಕ್ಕ-ತಂಗಿಯರ ಸಹಿಯಿಲ್ಲದ ಮನೆಯನ್ನು ತಿಳಿದವರು ಕೊಳ್ಳುವುದಿಲ್ಲ. ಧೈರ್ಯ ಮಾಡಿದವರು ಆ ಧೈರ್ಯದ ಬೆಲೆಯನ್ನು ನಮ್ಮ ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. ನಾವು ಮೂವರೂ ಕೂಡಿ ಪಂಚಾಯತಿಗೆ ವಾರಸಾ ಅರ್ಜಿ ಕೊಟ್ಟೆವು. ಹೆಸರುಗಳು ಏರಿದ ಮೇಲೆ ಇ-ಸ್ವತ್ತಿನ ನಮೂನೆ 9 ಮತ್ತು 11 ಪಡೆದೆವು. ಋಣಭಾರ ಪ್ರಮಾಣಪತ್ರವನ್ನೂ ತೆಗೆಸಿದೆವು. ತಿರುಗಾಟ ಬಹಳವಾಯಿತು, ಚಪ್ಪಲಿ ಸವೆದವು. ಆದರೆ ಗೋಡೆಗೆ ಸುಣ್ಣ ಹಚ್ಚಿಸಿದ್ದರೂ ಏರದ ಬೆಲೆ ಆ ನಾಲ್ಕು ಕಾಗದಗಳಿಂದ ಏರಿತು.

ಈ ನಡುವೆ ಪೇಟೆಯಿಂದ ಒಬ್ಬ ದಲಾಲಿ ಬಂದನು. 13 ಲಕ್ಷಕ್ಕೆ ಕೇಳಿದನು. ಕಾಗದದಲ್ಲಿ 6 ಬರೆಸಿ ಉಳಿದದ್ದನ್ನು ರೋಖ ಕೊಡುವೆನೆಂದನು. ನನಗೆ ತಿಳಿಯದಂತೆ ಅಕ್ಕನಿಗೆ ಫೋನು ಮಾಡಿ, “ನಿಮ್ಮ ಪಾಲಿನ ಸಹಿ ಮೊದಲ ಮಾಡಿಬಿಡ್ರಿ, ನಿಮಗ ಬ್ಯಾರೆ ನೋಡ್ಕೋತೀನಿ” ಎಂದನು. ಕಡಿಮೆಗೆ ಕೇಳುವವರಲ್ಲಿ ಬಾಗಿಲು ಹಾಕಬೇಕಾದದ್ದು ಇಂಥವರ ಮುಖಕ್ಕೆ. ಬೆಲೆಯನ್ನು ಒಡೆಯುವವನನ್ನು ಸಹಿಸಬಹುದು. ಒಡಹುಟ್ಟಿದವರನ್ನು ಒಡೆಯುವವನನ್ನು ಸಹಿಸಬಾರದು. ಅಂದೇ ನಾವು ಕಟ್ಟು ಮಾಡಿಕೊಂಡೆವು: ಯಾರು ಕೇಳಿದರೂ ಬೆಲೆ ಆಡುವ ಬಾಯಿ ಒಂದೇ.

ರೋಖದ ಮಾತಂತೂ ಕಾನೂನಿನ ಕುತ್ತು. 2015ರ ಜೂನ್ 1ರಿಂದ ಸ್ಥಿರಾಸ್ತಿಯ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕೂ ಮೇಲೆ ನಗದಾಗಿ ತೆಗೆದುಕೊಳ್ಳುವುದು ಸಾಮಾನ್ಯವಾಗಿ ನಿಷಿದ್ಧ. ತೆಗೆದುಕೊಂಡವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಇನ್ನು ಸಬ್ ರಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆ ಒಂದಿದೆ. ರಾಜ್ಯದಲ್ಲಿ ಅದನ್ನು 2023ರ ಅಕ್ಟೋಬರ್ 1ರಿಂದ ಏರಿಸಿದರು. ನಾವು ಬರೆಸಿದ ಬೆಲೆಗಿಂತ ಅದು ನೂರಕ್ಕೆ 10ರ ಮೇಲೆ ಹೆಚ್ಚಾದರೆ, ಆ ಹೆಚ್ಚಿನ ಬೆಲೆಯೇ ನಮಗೆ ಬಂದಿತೆಂದು ಹಿಡಿದು ಆದಾಯ ತೆರಿಗೆಯವರು ಲೆಕ್ಕ ಹಾಕುತ್ತಾರೆ. ಕೊಂಡವನಿಗೂ ತೆರಿಗೆ ತಗಲಬಹುದು. ಅಂದರೆ ಬಾರದ ಹಣಕ್ಕೂ ತೆರಿಗೆ! ಮಾರುವ ಮುಂಚೆ ಈ ಅಂಕಿಯನ್ನು ತಿಳಿದುಕೊಂಡವನಿಗೆ ಕಾಲೂರಲು ನೆಲ ಸಿಗುತ್ತದೆ. ಆದರೆ ಅದೇ ಪೇಟೆಯ ಬೆಲೆಯಲ್ಲ. ನಮ್ಮ ಓಣಿಯ ಆಚೆಗೆ ಇತ್ತೀಚೆಗೆ ಖರೀದಿಯಾದ ಜಾಗಗಳ ಬೆಲೆಯನ್ನೂ ವಿಚಾರಿಸಿ ಬರೆದಿಟ್ಟೆ.

ಇಷ್ಟಾದ ಮೇಲೆ ಮೂವರೂ ಕುಳಿತು ಒಂದು ಕಡೆಯ ಅಂಕಿಯನ್ನು ಗೊತ್ತುಮಾಡಿದೆವು: 18 ಲಕ್ಷ. ಅದಕ್ಕೂ ಕೆಳಗೆ ಬಂದರೆ ಮಾರುವುದಕ್ಕಿಂತ ಜಾಗ ಹಾಗೆಯೇ ಇಟ್ಟುಕೊಂಡು, ಅಕ್ಕನ ಸಾಲಕ್ಕೆ ನಾನೂ ತಮ್ಮನೂ ಕೈಗಡ ತರುವುದೇ ಲೇಸು. ಈ ಅಂಕಿಯನ್ನು ಸಿಟ್ಟಿಲ್ಲದ ದಿನ, ಕೇಳುವವನು ಎದುರಿಗೆ ಇಲ್ಲದಾಗ, ಕಾಗದದ ಮೇಲೆ ಬರೆದಿಡಬೇಕು. ಚೌಕಾಸಿಯ ಬಿಸಿಯಲ್ಲಿ ಹುಟ್ಟಿದ ಅಂಕಿ ಮರುದಿನದ ಬೆಳಕಿಗೆ ನಿಲ್ಲುವುದಿಲ್ಲ.

ಇನ್ನು ಉತ್ತರ. 24 ಹೇಳಿದಾಗ 11ಕ್ಕೆ ಕೇಳಿದರೆ ನಮ್ಮ ಬುದ್ಧಿ ತಾನಾಗಿಯೇ ನಡುಮಧ್ಯಕ್ಕೆ, ಹದಿನೇಳೂವರೆಗೆ, ಜಾರುತ್ತದೆ. ಕಡಿಮೆಗೆ ಕೇಳುವವನ ಜಾಣತನವಿರುವುದೇ ಇಲ್ಲಿ. ಮಧ್ಯವನ್ನು ಗೊತ್ತುಮಾಡಿದವನು ಅವನು. ಇದು ಹಳ್ಳಿಗರ ಮಾತಷ್ಟೇ ಅಲ್ಲ. ಅಮೇರಿಕದ ಟಸ್ಕನ್ ಎಂಬ ಊರಿನಲ್ಲಿ ಒಂದೇ ಮನೆಯನ್ನು ತೋರಿಸಿ, ಬೇರೆ ಬೇರೆ ಬೆಲೆ ಬರೆದ ಕಾಗದ ಕೊಟ್ಟು, ಅಂದಾಜು ಮಾಡಿರೆಂದರು. ಮನೆ ಮಾರುವುದನ್ನೇ ಕಸಬು ಮಾಡಿಕೊಂಡ ದಲಾಲರ ಅಂದಾಜೂ ಕೊಟ್ಟ ಅಂಕಿಯ ಕಡೆಗೆ ವಾಲಿತೆಂದು 1987ರಲ್ಲಿ ನಾರ್ತ್‌ಕ್ರಾಫ್ಟ್ ಮತ್ತು ನೀಲ್ ಎಂಬವರು ಬರೆದಿದ್ದಾರೆ. ಆದುದರಿಂದ ನಾನು ಕಾಕಾ ಅವರ ಹನ್ನೊಂದನ್ನು ಹಿಡಿದು ಮಾತಾಡಲಿಲ್ಲ. ಮಾಳಿಗೆ ಕೆಡವಿ ಮಣ್ಣು ಸಾಗಿಸುವ ಖರ್ಚು ಒಂದು ಲಕ್ಷವೆಂದು ಲೆಕ್ಕ ತೋರಿಸಿ, “23” ಎಂದಷ್ಟೇ ಹೇಳಿ ಚಹಾ ಕುಡಿದೆ. ಇಳಿಯುವ ಪ್ರತಿ ಮೆಟ್ಟಿಲಿಗೂ ಒಂದು ಕಾರಣವಿರಬೇಕು. ಕಾರಣವಿಲ್ಲದೆ ಇಳಿದವನನ್ನು ಇನ್ನೂ ಇಳಿಸಬಹುದೆಂದು ಎದುರಿನವನಿಗೆ ಅನಿಸುತ್ತದೆ. ಅವರು 14 ಎಂದರು. ನಾನು ಸುಮ್ಮನಿದ್ದೆ. ಮೌನವೂ ಒಂದು ಉತ್ತರವೇ.

ಆಗ ಕಾಕಾ ಅಡಿಕೆಯ ಚೀಲ ಬಿಚ್ಚುತ್ತ, ಬಿಚ್ಚದಿದ್ದ ಮಾತೊಂದನ್ನು ಬಿಚ್ಚಿದರು: “ಖರೇ ಹೇಳ್ತೀನಿ ತಮ್ಮಾ, ಅವತ್ತ ನನ್ನ ಕಡೆ ಇದ್ದದ್ದ ಹನ್ನೊಂದು. ಇಲ್ಲದ್ದು ಎಲ್ಲಿಂದ ಅನ್ನಲಿ?”

ಹನ್ನೊಂದು ನಮ್ಮ ಮನೆಯ ಅಳತೆಯಾಗಿರಲಿಲ್ಲ, ಅವರ ಕಿಸೆಯ ಅಳತೆಯಾಗಿತ್ತು. ಅದರಲ್ಲಿ ನೋಂದಣಿಯ ಖರ್ಚೂ ಸೇರಬೇಕಿತ್ತು. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಉಪಕರ ಮತ್ತು ಅಧಿಭಾರ. ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ನೂರಕ್ಕೆ 1ರಿಂದ 2ಕ್ಕೆ ಏರಿದೆ. 20 ಲಕ್ಷದ ಮನೆಗೆ ಇದೇ ಸುಮಾರು ಒಂದೂವರೆ ಲಕ್ಷ. ಬ್ಯಾಂಕಿನ ಸಾಲ ಕೇಳೋಣವೆಂದರೆ, ತೀರಿಹೋದವರ ಹೆಸರಿನಲ್ಲಿದ್ದ ಮನೆಯನ್ನು ನಂಬಿ ಸಾಲ ಕೊಡುವವರು ಯಾರು? ನಮ್ಮ ಕಾಗದಗಳು ಸರಿಯಾದ ಮೇಲೆ ಅವರ ಮಗನ ಹೆಸರಿನಲ್ಲಿ ಸಾಲ ಮಂಜೂರಾಯಿತು. ಕೊರತೆಯಿದ್ದದ್ದಕ್ಕೆ ಕಡಲೆಯ ಸುಗ್ಗಿಯವರೆಗೆ ಗಡುವು ಕೊಟ್ಟೆವು. ಇಸಾರ ಪತ್ರ ಬರೆಸಿ, ಹಣವನ್ನು ಬ್ಯಾಂಕಿನ ಮೂಲಕವೇ ತೆಗೆದುಕೊಂಡು, ಪೂರ್ತಿ ಸಂದಾಯವಾಗುವ ದಿನವೇ ಖರೀದಿ ಪತ್ರವೆಂದು ಗೊತ್ತುಮಾಡಿದೆವು. ಬೆಲೆ ಹತ್ತೊಂಬತ್ತೂವರೆ ಲಕ್ಷಕ್ಕೆ ನಿಂತಿತು. ಬೆಲೆಯಲ್ಲಿ ಬಿಡಲಾಗದ್ದನ್ನು ಕಾಲದಲ್ಲಿ ಬಿಟ್ಟುಕೊಟ್ಟಿದ್ದೆವು.

ಎಲ್ಲ ಕಡಿಮೆ ಬೆಲೆಯ ಹಿಂದೆಯೂ ಹೀಗೆ ಒಬ್ಬ ಕಾಕಾ ಇರುವುದಿಲ್ಲ. ದಲಾಲಿಯೂ ಇರುತ್ತಾನೆ, ಬರಿಯ ಬಾಯಿಚಪಲದವನೂ ಇರುತ್ತಾನೆ. ಆದರೆ ಯಾರು ಯಾರೆಂದು ತಿಳಿಯಬೇಕಾದರೆ ‘ಯಾವ ಲೆಕ್ಕದ ಮೇಲೆ?’ ಎಂದು ಒಮ್ಮೆ ತಿರುಗಿ ಕೇಳಲೇಬೇಕು. ಲೆಕ್ಕವಿದ್ದವನು ಹೇಳುತ್ತಾನೆ, ಇಲ್ಲದವನು ಎದ್ದು ಹೋಗುತ್ತಾನೆ. ಎರಡರಿಂದಲೂ ಮಾರುವವನಿಗೆ ನಷ್ಟವಿಲ್ಲ.

ನೋಂದಣಿಯ ದಿನ ಪುಣೆಯಿಂದ ತಮ್ಮ ಬಂದಿದ್ದನು. ಸಹಿ ಮಾಡಿ ಹೊರಗೆ ಬಂದ ಮೇಲೆ ಕಾಕಾ ಅವರ ಕಾಲಿಗೆ ನಮಸ್ಕರಿಸಿದನು. ಅವರು, “ದೇವರಮನಿ ಬಾಗಲಾ ತಗದ ಇಟ್ಟೀನಿ, ಒಯ್ಯಪಾ” ಎಂದರು. ಅಕ್ಕ ತನ್ನ ಪಾಲಿನ ಆರೂವರೆ ಲಕ್ಷದ ಚೆಕ್ಕನ್ನು ಎರಡು ಸಲ ಓದಿ, ಸೆರಗಿನಲ್ಲಿ ಗಂಟು ಕಟ್ಟಿಕೊಂಡಳು. ಚೆಕ್ಕನ್ನು ಹಾಗೆ ಮಡಿಸಬಾರದೆಂದು ಹೇಳಬೇಕೆಂದಿದ್ದೆ. ಅವಳ ಮುಖ ನೋಡಿ ಸುಮ್ಮನಾದೆ.