ಮಡಚಿ ನೋಡುವುದು

1997ರ ಜನವರಿ 16ರಂದು ಮುಂಬಯಿಯ ಪೊವಾಯಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರನ್ನು ಅವರ ಮನೆಗೆ ಹತ್ತಿರದಲ್ಲೇ ಗುಂಡಿಟ್ಟು ಕೊಂದರು. ನಾವಿದ್ದ ಮುಲುಂಡಿಗೂ ಪೊವಾಯಿಗೂ ಕೆಲವೇ ಕಿಲೋಮೀಟರು. ಅಪ್ಪ ಎಲ್‌ಬಿಎಸ್ ರಸ್ತೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಸಾಮಂತರು ಮುನ್ನಡೆಸಿದ 1982ರ ಗಿರಣಿ ಮುಷ್ಕರ ಸೋತು ಎಷ್ಟು ವರ್ಷವಾದರೂ ಅಪ್ಪನಿಗೆ ಅವರು ‘ಡಾಕ್ಟರ್‌ಸಾಹೇಬ್’. ಆ ಸಂಜೆ ಅಮ್ಮ ಇಟ್ಟ ಚಹಾ ಆರಿಹೋಯಿತು.

ಮಕ್ಕಳಿಗೆ ಆ ಕೊಲೆಯೂ ಆಟವಾಯಿತು. ಬಿಲ್ಡಿಂಗಿನ ಅಂಗಳದಲ್ಲಿ ಒಬ್ಬ ಗಾಡಿಯಲ್ಲಿ ಕೂತ ಸಾಹೇಬ, ಉಳಿದವರು ದೀಪಾವಳಿಯ ಕೇಪಿನ ಪಿಸ್ತೂಲು ಹಿಡಿದು ಸುತ್ತುವರಿಯುವವರು. ಅಪ್ಪ ಕೆಲಸ ಮುಗಿಸಿ ಗೇಟಿನೊಳಗೆ ಕಾಲಿಡುವಾಗ ಏಳು ವರ್ಷದ ನನ್ನ ತಮ್ಮ ಪಕ್ಕದ ಮನೆಯ ಹುಡುಗಿಯ ಹಣೆಗೆ ಪಿಸ್ತೂಲು ಒತ್ತಿ ಹಿಡಿದಿದ್ದ.

ಅಪ್ಪ ಹೊಡೆಯಲಿಲ್ಲ. ನಮ್ಮಿಬ್ಬರನ್ನೂ ಮೇಲೆ ಕರೆದುಕೊಂಡು ಹೋಗಿ ಕೂರಿಸಿದರು.

“ಅದರಲ್ಲಿ ಕೇಪೇ ಇರಲಿಲ್ಲ ಅಪ್ಪಾ,” ಎಂದ ತಮ್ಮ.

ಅಪ್ಪನ ಮುಖ ಬಿಗಿಯಿತು. “ಇರಲಿಲ್ಲ ಅಂತ ನಿನಗೆ ಹೇಗೆ ಗೊತ್ತು? ನೋಡಿದ್ದೆಯಾ? ಊರಲ್ಲಿ ಕೋವಿಯಿಂದ ಸತ್ತವರ ಮನೆಗೆ ಹೋದಾಗೆಲ್ಲ ನಾನು ಕೇಳಿದ್ದು ಇದೇ ಮಾತು ಮಗಾ. ತೋಟೆ ಇರಲಿಲ್ಲ, ತೋಟೆ ಇರಲಿಲ್ಲ.”

ಪಿಸ್ತೂಲು ಕಸಿದುಕೊಳ್ಳುತ್ತಾರೆ ಎಂದುಕೊಂಡಿದ್ದೆವು. ಅದು ತಮ್ಮನ ಬಳಿಯೇ ಉಳಿಯಿತು. ಮನುಷ್ಯರ ಕಡೆ ತಿರುಗಿಸಕೂಡದು, ಆಟದಲ್ಲೂ ಕೂಡದು ಎಂಬ ಷರತ್ತು ಮಾತ್ರ. ಬೇಸಿಗೆ ರಜೆಗೆ ಊರಿಗೆ ಹೋದಾಗ ನಿಜವಾದದ್ದನ್ನೇ ತೋರಿಸುತ್ತೇನೆ ಎಂದರು.

ಅಜ್ಜನ ಮನೆ ಬೆಳ್ತಂಗಡಿಯ ಕಡೆ, ಘಟ್ಟದ ಬುಡದಲ್ಲಿ. ಅಡಿಕೆ ತೋಟಕ್ಕೆ ಕಾಡುಹಂದಿ, ತೆಂಗಿಗೆ ಮಂಗ. ಬೆಳೆ ಕಾಯಲು ಪರವಾನಗಿ ಪಡೆದ ಜೋಡು ನಳಿಗೆಯ ತೋಟೆಕೋವಿ ಬೀಗ ಹಾಕಿದ ಕಪಾಟಿನಲ್ಲಿರುತ್ತಿತ್ತು. ತೋಟೆಗಳು ಬೇರೆ ಕೋಣೆಯ ಪೆಟ್ಟಿಗೆಯಲ್ಲಿ, ಅದರ ಕೀಲಿ ಅಜ್ಜಿಯ ಸೊಂಟದಲ್ಲಿ. ಅಜ್ಜಿಯನ್ನು ಕೇಳದೆ ಅಜ್ಜನೂ ಒಂದು ಈಡು ಹೊಡೆಯುವಂತಿರಲಿಲ್ಲ.

ಆ ಬೇಸಿಗೆಯಲ್ಲಿ ಅಜ್ಜ ಕೋವಿಯನ್ನು ಹೊರತೆಗೆದವರೇ ಮಡಚಿದರು. ಎರಡೂ ನಳಿಗೆಯಲ್ಲಿ ಕಣ್ಣಿಟ್ಟು ಅಂಗಳದ ಬೆಳಕು ಕಂಡ ಮೇಲೆ ಅಪ್ಪನ ಕೈಗೆ ಕೊಟ್ಟರು. ಅಪ್ಪ ಮತ್ತೆ ಮಡಚಿ ನೋಡಿದರು. “ಈಗಷ್ಟೇ ಅಜ್ಜ ನೋಡಿದರಲ್ಲ?” ಎಂದೆ ನಾನು. “ಅವರು ನೋಡಿದ್ದು ಅವರಿಗೆ. ಕೈ ಬದಲಾದರೆ ಮತ್ತೆ ನೋಡಬೇಕು,” ಎಂದರು ಅಪ್ಪ. ಬೆರಳು ಟ್ರಿಗರಿನ ಹೊರಗೇ ಇರಬೇಕು. ಬೇಲಿ ದಾಟುವಾಗ ತೋಟೆ ತೆಗೆದು, ಮಡಚಿಕೊಂಡೇ ದಾಟಬೇಕು. ರಾತ್ರಿ ತೋಟದಲ್ಲಿ ಸದ್ದಾದರೆ ಸದ್ದಿಗೆ ಹೊಡೆಯಬಾರದು. ಅದು ಹಂದಿಯೂ ಇರಬಹುದು, ನೀರು ತಿರುಗಿಸಲು ಬಂದ ನೆರೆಯವನೂ ಇರಬಹುದು. ತಮ್ಮನ ಕೈಗೂ ಕೊಟ್ಟರು. ಭಾರಕ್ಕೆ ಅವನ ತೋಳು ಜಗ್ಗಿತು. ಕದ್ದು ನೋಡಬೇಕೆಂಬ ಆಸೆ ಅಲ್ಲಿಗೆ ತೀರಿತು ಎಂದೇ ನನ್ನ ನಂಬಿಕೆ.

ನಮ್ಮಲ್ಲಿ ಮನೆಯೊಳಗಿನ ಪಾಠವಾದ ಕೋವಿ ಕೊಡಗಿನಲ್ಲಿ ಇಡೀ ನಾಡಿಗೇ ಹಬ್ಬ. ಸೆಪ್ಟೆಂಬರಿನ ಆಯುಧಗಳ ಹಬ್ಬ ಕೈಲ್‌ಪೊಳ್ದಿನಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. 1861ರಿಂದ ಬಂದ ಪರವಾನಗಿ ವಿನಾಯಿತಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇಂದಿಗೂ ಇದೆ. ಹಿರಿಯರು ಕೋವಿಯನ್ನು ಹೇಗೆ ಹಿಡಿಯುತ್ತಾರೆಂದು ಅಲ್ಲಿನ ಮಕ್ಕಳು ವರ್ಷವರ್ಷವೂ ನೋಡುತ್ತಾರೆ. ಮುಂಬಯಿಯ ಮಕ್ಕಳು ನೋಡುವುದು ಸಿನಿಮಾದಲ್ಲಿ, ಅದೂ ಯಾರದೋ ಹಣೆಗೆ ಒತ್ತಿದ್ದನ್ನು. 21 ತುಂಬುವ ತನಕ ಕಾನೂನು ಪರವಾನಗಿ ಕೊಡುವುದಿಲ್ಲ, ಸರಿ. ಆದರೆ ಕೈಯ ಅಭ್ಯಾಸ ಕೂರುವುದು ಏಳರಲ್ಲೇ, ಕೇಪಿನ ಪಿಸ್ತೂಲಿನಲ್ಲೇ.

ಮರುವರ್ಷ ಲೋಕಸಭಾ ಚುನಾವಣೆ ಬಂತು. ಚುನಾವಣೆ ಮುಗಿಯುವವರೆಗೆ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಟ್ಟು ರಸೀದಿ ತಂದೆ ಎಂದು ಅಜ್ಜ ಕಾಗದ ಬರೆದಿದ್ದರು. ಅಪ್ಪ ಅದನ್ನು ಗಟ್ಟಿಯಾಗಿ ಓದುತ್ತಿದ್ದಾಗ ತಮ್ಮ ಕೇಳಿದ: “ಠಾಣೆಯವರು ಮಡಚಿ ನೋಡಿದರಂತಾ?” ಅಪ್ಪ ಆ ಪ್ರಶ್ನೆಯನ್ನು ಇದ್ದ ಹಾಗೇ ಇನ್‌ಲ್ಯಾಂಡ್ ಕಾಗದದಲ್ಲಿ ಅಜ್ಜನಿಗೆ ಬರೆದು ಹಾಕಿದರು.