ಬೀಳ್ಕೊಡುಗೆಯ ಮಾತು ಯಾರದು?

ಫೆಬ್ರವರಿ ತಿಂಗಳು ಬಂತೆಂದರೆ ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದ ಶಾಲೆಗಳಲ್ಲಿ ಬೀಳ್ಕೊಡುಗೆ ಸಮಾರಂಭಗಳ ಸಿದ್ಧತೆ ಆರಂಭವಾಗುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇನ್ನು ಕೆಲವೇ ವಾರಗಳು ಉಳಿದಿರುತ್ತವೆ. ಹತ್ತನೆಯ ತರಗತಿಯ ಪರವಾಗಿ ಮಾತನಾಡಲು ಒಬ್ಬ ವಿದ್ಯಾರ್ಥಿಯನ್ನೋ ವಿದ್ಯಾರ್ಥಿನಿಯನ್ನೋ ಆರಿಸುತ್ತಾರೆ. ಆರಿಸಲ್ಪಟ್ಟ ಮಗು ಮರುದಿನವೇ ನಮ್ಮ ಬಳಿ ಬಂದು, "ಸರ್, ಒಂದು ಭಾಷಣ ಬರೆದುಕೊಡಿ" ಎನ್ನುತ್ತದೆ. ಮದ್ರಸದಲ್ಲಿ ಕಲಿತು ಬಳಿಕ ಕನ್ನಡದಲ್ಲಿ ಬಿ.ಎ. ಮಾಡಿದವರು ಎಂಬ ಕಾರಣಕ್ಕೆ ಈ ಹೊಣೆ ನಮ್ಮ ಪಾಲಿಗೆ ಬಂದಿತ್ತು. ನಾವೂ ಅನೇಕ ವರ್ಷ ಸಂತೋಷದಿಂದಲೇ ಬರೆದುಕೊಟ್ಟೆವು. ಅದು ಸೇವೆ ಎಂದು ಭಾವಿಸಿದ್ದೆವು.

ಕೆಲವು ವರ್ಷಗಳ ಹಿಂದೆ ಮಸ್ಕಿ ಕಡೆಯ ಹಳ್ಳಿಯೊಂದರ ಹುಡುಗಿಗೆ ಅಂತಹುದೇ ಒಂದು ಭಾಷಣ ಬರೆದುಕೊಟ್ಟೆವು. ಎರಡೂವರೆ ಪುಟ. ಜ್ಞಾನಜ್ಯೋತಿ, ಗುರುವೃಂದ, ಬಾಳಿನ ಹೆದ್ದಾರಿ, ಕನಸಿನ ರೆಕ್ಕೆ ಎಂಬ ಪದಗಳೆಲ್ಲ ಅದರಲ್ಲಿದ್ದವು. ಹುಡುಗಿ ಜಾಣೆ. ಒಂದಕ್ಷರವೂ ತಪ್ಪದಂತೆ ಕಂಠಪಾಠ ಮಾಡಿ ಒಪ್ಪಿಸಿದಳು. ಸಭೆ ಚಪ್ಪಾಳೆ ತಟ್ಟಿತು. ಅತಿಥಿಗಳು ಆಕೆಯ ಕನ್ನಡವನ್ನು ಹೊಗಳಿದರು. ಆ ಹೊಗಳಿಕೆಯಲ್ಲಿ ನಮ್ಮ ಪಾಲೂ ಇದೆಯೆಂದು ನಾವು ಒಳಗೊಳಗೇ ಹಿಗ್ಗಿದೆವು.

ಸಮಾರಂಭ ಮುಗಿದ ಮೇಲೆ ಹುಡುಗಿಯ ತಾಯಿ ನಮ್ಮೆದುರು ಬಂದು ನಿಂತರು. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಭತ್ತದ ನಾಟಿಗೆ ಹೋಗುವ ಕೂಲಿಕಾರ್ಮಿಕರು ಅವರು. ಅಂದಿನ ಕೂಲಿ ಬಿಟ್ಟು ಮಗಳ ಮಾತು ಕೇಳಲೆಂದೇ ಬಂದಿದ್ದರು. "ಮೌಲಾನಾ, ಬೇಟಿ ಕ್ಯಾ ಬೋಲಿ?" ಎಂದು ಮೆಲ್ಲಗೆ ಕೇಳಿದರು. ಮಗಳು ಏನು ಹೇಳಿದಳೆಂದು ಆ ತಾಯಿಗೆ ತಿಳಿದಿರಲಿಲ್ಲ. ಸಂತೆಯ ಕನ್ನಡ, ಗದ್ದೆಯ ಕನ್ನಡ ಅವರಿಗೆ ಚೆನ್ನಾಗಿ ಬರುತ್ತದೆ. ನಾವು ಬರೆದದ್ದು ಆ ಕನ್ನಡವಾಗಿರಲಿಲ್ಲ. ಹೆತ್ತವರ ಋಣವನ್ನು ತೀರಿಸಲಾಗದು ಎಂಬ ಒಂದು ವಾಕ್ಯ ಅದರಲ್ಲಿ ಇತ್ತು, ನಿಜ. ಆದರೆ ಅದು ಯಾರ ತಾಯಿಗೂ ಹೊಂದುವ ವಾಕ್ಯವಾಗಿತ್ತು. ಈ ತಾಯಿಯ ಕೆಸರುಗಾಲು, ಬಾಗಿದ ಬೆನ್ನು ಅದರಲ್ಲಿ ಇರಲಿಲ್ಲ. ನಾವು ಉತ್ತರಿಸುವಷ್ಟರಲ್ಲಿ ಹುಡುಗಿ ತಲೆ ತಗ್ಗಿಸಿ, "ಅಮ್ಮೀ, ಸರ್ ಬರೆದದ್ದನ್ನು ಹೇಳಿದೆ" ಎಂದಳು. ಅದರಲ್ಲಿ ದೂರು ಇರಲಿಲ್ಲ. ಆದರೂ ಅಂದು ರಾತ್ರಿ ಆ ಮಾತು ನಮ್ಮನ್ನು ಮಲಗಗೊಡಲಿಲ್ಲ.

ಮದ್ರಸದ ದಿನಗಳಲ್ಲಿ ಭಾಷಣಕ್ಕೆ ನಿಲ್ಲುವ ಮುನ್ನ ನಾವೆಲ್ಲ ಪ್ರವಾದಿ ಮೂಸಾ(ಅ)ರ ಪ್ರಾರ್ಥನೆಯನ್ನು ಓದುತ್ತಿದ್ದೆವು. ಪವಿತ್ರ ಕುರ್‌ಆನಿನ ತ್ವಾಹಾ ಅಧ್ಯಾಯದಲ್ಲಿ ಅದು ಬರುತ್ತದೆ. ತನ್ನ ಎದೆಯನ್ನು ವಿಶಾಲಗೊಳಿಸುವಂತೆ, ಕಾರ್ಯವನ್ನು ಸುಗಮಗೊಳಿಸುವಂತೆ, ನಾಲಿಗೆಯ ಗಂಟನ್ನು ಬಿಡಿಸುವಂತೆ ಅವರು ಬೇಡುತ್ತಾರೆ. ಏತಕ್ಕಾಗಿ? ಜನರು ತನ್ನ ಮಾತನ್ನು ಅರ್ಥ ಮಾಡಿಕೊಳ್ಳಲೆಂದು. ಜನ ಮೆಚ್ಚಲೆಂದಲ್ಲ. ನೂರಾರು ಸಲ ಓದಿದ್ದ ಆ ಪ್ರಾರ್ಥನೆಯ ಕೊನೆಯ ಭಾಗವನ್ನು ನಾವು ಗಮನಿಸಿಯೇ ಇರಲಿಲ್ಲವೆಂದು ಅಂದು ಅನ್ನಿಸಿತು.

ಇನ್ನೊಂದು ವಿಷಯವೂ ಇದೆ. ಅಲ್ ಕಸಸ್ ಅಧ್ಯಾಯದಲ್ಲಿ ಮೂಸಾ(ಅ)ರು ತನಗಿಂತ ಸ್ಫುಟವಾಗಿ ಮಾತನಾಡಬಲ್ಲ ಸಹೋದರ ಹಾರೂನ್(ಅ)ರನ್ನು ತನ್ನ ಜೊತೆ ಕಳುಹಿಸುವಂತೆ ಕೇಳುತ್ತಾರೆ. ತನ್ನ ಬದಲಿಗೆ ಎಂದಲ್ಲ, ತನ್ನ ಸಹಾಯಕ್ಕೆ, ತನ್ನನ್ನು ಸಮರ್ಥಿಸಲಿಕ್ಕೆ. ಫಿರ್‌ಔನನ ಆಸ್ಥಾನದಲ್ಲಿ ಮೂಸಾ(ಅ)ರೇ ಉತ್ತರಿಸುತ್ತಾರೆ. ತೊದಲುವ ನಾಲಿಗೆಗೂ ತನ್ನದೇ ಆದ ಸಾಕ್ಷ್ಯವಿದೆ. ಅದನ್ನು ಬೇರೆಯವರ ನಾಲಿಗೆ ನುಡಿಯಲಾರದು. ಅಧ್ಯಾಪಕನು ಹಾರೂನರಂತೆ ಮಗುವಿನ ಪಕ್ಕದಲ್ಲಿ ನಿಲ್ಲಬೇಕಾದವನು. ನಾವು ಮಗುವಿನ ಜಾಗದಲ್ಲೇ ಹೋಗಿ ನಿಂತಿದ್ದೆವು.

ಅದಾದ ವಾರದೊಳಗೆ ಲಿಂಗಸುಗೂರಿನಲ್ಲಿ ಹಾಫಿಝ್ ವಿದ್ಯಾರ್ಥಿಗಳ ದಸ್ತಾರ್‌ಬಂದಿ ಕಾರ್ಯಕ್ರಮವಿತ್ತು. ಬಸ್ಸಿನಲ್ಲಿ ಹೊರಟೆವು. ದಾರಿಯ ನಡುವೆ ಮಸ್ಕಿ ಬರುತ್ತದೆ. ಅಲ್ಲಿನ ಗುಡ್ಡದ ಬಂಡೆಯ ಮೇಲೆ ಸಾಮ್ರಾಟ ಅಶೋಕನ ಶಾಸನವಿರುವುದು ನಮ್ಮ ಶಾಲಾ ಮಕ್ಕಳಿಗೆಲ್ಲ ಗೊತ್ತು. 1915ರಲ್ಲಿ, ಈ ಪ್ರದೇಶ ನಿಜಾಮರ ಆಳ್ವಿಕೆಯಲ್ಲಿದ್ದಾಗ, ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅದನ್ನು ಗುರುತಿಸಿದರು. ಅದಕ್ಕೆ ಮೊದಲು ದೊರೆತಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ'ದಂತಹ ಬಿರುದುಗಳು ಮಾತ್ರ ಇದ್ದವು. ಬಿರುದಿನ ಜೊತೆಗೆ ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ಅದರಿಂದಲೇ ಆ ಬಿರುದು ಯಾರದೆಂಬುದು ದೃಢಪಟ್ಟಿತು. ಶಾಸನದ ಭಾಷೆ ಅಂದಿನ ಜನರ ಆಡುನುಡಿಗೆ ಹತ್ತಿರವಾದ ಪ್ರಾಕೃತ. ಶ್ರೇಯಸ್ಸು ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ದಕ್ಕುತ್ತದೆ ಎಂಬುದು ಅದರ ತಿರುಳು.

ಬಸ್ಸು ಮಸ್ಕಿ ದಾಟುವಾಗ ನಮ್ಮ ಬೀಳ್ಕೊಡುಗೆ ಭಾಷಣಗಳು ನೆನಪಾದವು. ಅವುಗಳಲ್ಲಿ ಬರೀ ಬಿರುದುಗಳು. ಮಾನ್ಯ ಅಧ್ಯಕ್ಷರು, ಗೌರವಾನ್ವಿತ ಅತಿಥಿಗಳು, ಪೂಜ್ಯ ಗುರುಗಳು. ಬಿಸಿಯೂಟ ಬಡಿಸಿದ ಅಕ್ಕನ ಹೆಸರಿಲ್ಲ. ಹಳ್ಳಿಯಿಂದ ಬರುವ ಮಕ್ಕಳಿಗಾಗಿ ಎರಡು ನಿಮಿಷ ಬಸ್ಸು ನಿಲ್ಲಿಸಿಕೊಂಡ ಕಂಡಕ್ಟರ್ ಇಲ್ಲ. ಜನರಿಗೆ ಕೃತಜ್ಞತೆ ಸಲ್ಲಿಸದವನು ಅಲ್ಲಾಹನಿಗೂ ಕೃತಜ್ಞನಾಗಲಾರ ಎಂಬರ್ಥದ ಪ್ರವಾದಿ ವಚನವನ್ನು ತರಗತಿಯಲ್ಲಿ ಕಲಿಸುವವರು ನಾವೇ. ಆದರೆ ಹೆಸರಿಲ್ಲದ ಕೃತಜ್ಞತೆ ಯಾರ ಮನೆಗೂ ತಲುಪುವುದಿಲ್ಲ.

ಲಿಂಗಸುಗೂರಿನ ಸಭೆಯಲ್ಲಿ ವಿದ್ವಾಂಸರ ದೀರ್ಘ ಪ್ರವಚನಗಳ ಬಳಿಕ ವೃದ್ಧ ಉಸ್ತಾದರೊಬ್ಬರು ಎದ್ದು ನಿಂತರು. ಆ ವರ್ಷ ಅವರು ಹಜ್ಜಿಗೆ ಹೊರಟಿದ್ದರು. ಹಜ್ಜಿಗೆ ಹೋಗುವವರು ಮನೆಮನೆಗೆ ತೆರಳಿ 'ಕಹಾ ಸುನಾ ಮಾಫ್' ಎಂದು ಕ್ಷಮೆ ಕೇಳುವ ಸಂಪ್ರದಾಯ ನಮ್ಮಲ್ಲಿ ಇಂದಿಗೂ ಇದೆಯಷ್ಟೆ. ಆಡಿದ್ದು, ಕೇಳಿದ್ದು ಎಲ್ಲವನ್ನೂ ಮನ್ನಿಸಿ ಎಂದು ಅದರ ಅರ್ಥ. ಉಸ್ತಾದರು ಹಾಗೆ ಒಟ್ಟಾಗಿ ಹೇಳಿ ಕುಳಿತುಕೊಳ್ಳಲಿಲ್ಲ. ತಾವು ಅನ್ಯಾಯವಾಗಿ ಗದರಿಸಿದ ಮೂವರು ವಿದ್ಯಾರ್ಥಿಗಳನ್ನು ಹೆಸರು ಹಿಡಿದು ಕರೆದು ಕ್ಷಮೆ ಯಾಚಿಸಿದರು. ಎಲ್ಲ ಸೇರಿ ಎರಡೋ ಮೂರೋ ನಿಮಿಷ. ಆ ದಿನದ ಎಲ್ಲ ಮಾತುಗಳ ಪೈಕಿ ನಮಗೆ ಇಂದಿಗೂ ನೆನಪಿರುವುದು ಅದೊಂದೇ.

ಹಿಂತಿರುಗಿದ ಮೇಲೆ ನಾವು ಒಂದು ತೀರ್ಮಾನಕ್ಕೆ ಬಂದೆವು. ಇನ್ನು ಮುಂದೆ ಭಾಷಣ ಬರೆದುಕೊಡುವುದಿಲ್ಲ, ಬರೆಯಲು ಕಲಿಸುತ್ತೇವೆ. ಅದಕ್ಕೆ ಮಾದರಿಯಾಗಿ ಜಾಫರ್ ಬಿನ್ ಅಬೂತಾಲಿಬ್(ರ)ರ ಮಾತನ್ನು ಇಟ್ಟುಕೊಂಡೆವು. ಮಕ್ಕಾದ ಹಿಂಸೆ ತಾಳಲಾರದೆ ಅಬಿಸೀನಿಯಾಕ್ಕೆ ವಲಸೆ ಹೋದ ಮುಸ್ಲಿಮರನ್ನು ಮರಳಿ ಒಯ್ಯಲು ಕುರೈಶರು ಇಬ್ಬರು ದೂತರನ್ನು ಕಳುಹಿಸಿದಾಗ, ದೊರೆ ನಜಾಶಿಯ ಮುಂದೆ ವಲಸಿಗರ ಪರವಾಗಿ ಮಾತನಾಡಿದವರು ಅವರು. ಅವರು ದೊರೆಯ ಹೊಗಳಿಕೆಯಿಂದ ಆರಂಭಿಸಲಿಲ್ಲ. ನಾವು ಅಜ್ಞಾನಿಗಳಾಗಿದ್ದೆವು, ನೆರೆಯವರನ್ನು ಪೀಡಿಸುತ್ತಿದ್ದೆವು, ನಮ್ಮಲ್ಲಿ ಬಲಿಷ್ಠರು ದುರ್ಬಲರನ್ನು ನುಂಗುತ್ತಿದ್ದರು ಎಂದು ಮೊದಲು ಸ್ವಂತ ತಪ್ಪುಗಳನ್ನು ಒಪ್ಪಿಕೊಂಡರು. ಬಳಿಕ ಪ್ರವಾದಿ(ಸ)ಯವರಿಂದ ತಮಗೆ ದೊರೆತದ್ದೇನೆಂದು ತಿಳಿಸಿದರು. ಕೊನೆಗೆ, ನಿಮ್ಮ ಆಶ್ರಯದಲ್ಲಿ ನಮಗೆ ಅನ್ಯಾಯವಾಗದೆಂಬ ನಿರೀಕ್ಷೆಯಿಂದ ಬಂದಿದ್ದೇವೆ ಎಂದರು. ನಾವು ಏನಾಗಿದ್ದೆವು, ನಮಗೆ ಏನು ದೊರೆಯಿತು, ನಾವು ಏನು ಕೇಳುತ್ತೇವೆ ಎಂಬ ಮೂರೇ ಭಾಗಗಳು. ಶಾಲೆ ಬಿಟ್ಟು ಹೊರಡುವ ಮಗುವಿಗೂ ಇಷ್ಟು ಸಾಕು.

ಮರುವರ್ಷ ಆಯ್ಕೆಯಾದ ಹುಡುಗನಿಗೆ ಈ ಮೂರು ಪ್ರಶ್ನೆಗಳನ್ನು ಕೊಟ್ಟು ಖಾಲಿ ಹಾಳೆಯ ಮುಂದೆ ಕೂರಿಸಿದೆವು. ಮೊದಲ ದಿನ ಅವನು ಮೊಬೈಲಿನಿಂದ ಇಳಿಸಿದ ಭಾಷಣ ತಂದ. ಅದು ನಾವು ಹಿಂದೆ ಬರೆಯುತ್ತಿದ್ದಂತೆಯೇ ಇತ್ತು! ಹಿಂತಿರುಗಿಸಿದೆವು. ನಾಲ್ಕನೆಯ ದಿನ ಅವನದೇ ಒಂದು ಪುಟ ಬಂತು. ಎರಡು ಕಡೆ ಕಾಗುಣಿತ ತಿದ್ದಿದೆವು, ಬೇರೇನನ್ನೂ ಮುಟ್ಟಲಿಲ್ಲ.

ವೇದಿಕೆಯಲ್ಲಿ ಅವನ ಸ್ವರ ನಡುಗಿತು. ಎಂಟನೆಯ ತರಗತಿಯಲ್ಲಿ ಕಿಟಕಿಯ ಗಾಜು ಒಡೆದದ್ದು ತಾನೆಂದೂ, ಏಟು ತಿಂದದ್ದು ಗೆಳೆಯನೆಂದೂ ಹೇಳಿದ. ಅವನ ಹೆಸರು ಕರೆದು ಮಾಫಿ ಕೇಳಿದ. ಬಿಸಿಯೂಟದ ಅಕ್ಕನನ್ನು ಹೆಸರಿಸಿದ. ಕೊನೆಯಲ್ಲಿ ತಂದೆಯ ಕಡೆಗೆ ತಿರುಗಿ ಮನೆಯ ದಖನಿಯಲ್ಲಿ ಎರಡು ಮಾತು ಆಡಿದ. ಮಧ್ಯೆ ಒಮ್ಮೆ ಮರೆತು ನಿಂತ. ಯಾರೂ ನಗಲಿಲ್ಲ. ಆ ಗೆಳೆಯ ಎದ್ದು ಬಂದು ಅವನ ಕೈ ಹಿಡಿದ. ಅಡುಗೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಂದಿನ ಚಪ್ಪಾಳೆಯಲ್ಲಿ ನಮ್ಮ ಪಾಲಿರಲಿಲ್ಲ. ಅಲ್ಹಮ್ದುಲಿಲ್ಲಾಹ್!

ಮಾತು ಮೂರು ನಿಮಿಷದಲ್ಲಿ ಮುಗಿಯಿತೆಂದು ಕೆಲವರು ಆಕ್ಷೇಪಿಸಿದರು. ಅಮ್ಮಾರ್ ಬಿನ್ ಯಾಸಿರ್(ರ)ರು ಸಂಕ್ಷಿಪ್ತ ಖುತ್‌ಬಾ ನೀಡಿದಾಗಲೂ ಜನರು, ಇನ್ನಷ್ಟು ಮಾತನಾಡಬಾರದಿತ್ತೇ ಎಂದಿದ್ದರು. ನಮಾಝ್ ದೀರ್ಘವಾಗಿಯೂ ಪ್ರವಚನ ಚಿಕ್ಕದಾಗಿಯೂ ಇರುವುದು ವ್ಯಕ್ತಿಯ ತಿಳಿವಳಿಕೆಯ ಗುರುತೆಂದು ಪ್ರವಾದಿ(ಸ)ಯವರು ಹೇಳಿದ್ದನ್ನು ಅವರು ನೆನಪಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಈ ಹದೀಸ್ ಇದೆ.

ಹೆತ್ತವರಲ್ಲಿ ನಮ್ಮದೊಂದು ವಿನಂತಿ. ಈ ವರ್ಷ ನಿಮ್ಮ ಮಗ ಅಥವಾ ಮಗಳು ಬೀಳ್ಕೊಡುಗೆಯ ಮಾತಿಗೆ ಆಯ್ಕೆಯಾದರೆ ಬರೆದುಕೊಡುವವರನ್ನು ಹುಡುಕಬೇಡಿ. ನಿನ್ನಿಂದ ಯಾರಿಗೆ ನೋವಾಗಿದೆ, ಯಾರು ನಿನಗೆ ನೆರವಾದರು, ನಿನಗಾಗಿ ಏನೆಂದು ಪ್ರಾರ್ಥಿಸಬೇಕು ಎಂದು ಮಗುವನ್ನು ಕೇಳಿ. ಅದು ಹೇಳಿದ್ದನ್ನು ಅದರ ಕೈಯಿಂದಲೇ ಬರೆಸಿ.

ಆ ಹುಡುಗಿ ಇಂದು ಪದವಿ ಓದುತ್ತಿದ್ದಾಳೆ. ಕಳೆದ ಈದ್‌ನಂದು ಮನೆಗೆ ಬಂದಿದ್ದಾಗ ನಾವು ಆಕೆಯಲ್ಲೂ ಆಕೆಯ ತಾಯಿಯಲ್ಲೂ ಮಾಫಿ ಕೇಳಿದೆವು. ತಾಯಿ ನಕ್ಕು, "ಅದೆಲ್ಲ ಯಾಕೆ ಮೌಲಾನಾ" ಎಂದರು. ಹುಡುಗಿ ಮಾತ್ರ ತಾಯಿಯ ಪಕ್ಕದಲ್ಲಿ ಕುಳಿತು, ಅಂದು ಹೇಳಬೇಕೆಂದಿದ್ದ ಮಾತನ್ನು ದಖನಿಯಲ್ಲಿ ಹೇಳತೊಡಗಿದಳು. ಅದು ಅವರಿಬ್ಬರ ಮಾತು. ನಾವು ಎದ್ದು ಹೊರಗೆ ಬಂದೆವು.

ಅಲ್ಲಾಹನು ನಮ್ಮ ಮಕ್ಕಳ ನಾಲಿಗೆಯ ಗಂಟನ್ನು ಬಿಡಿಸಲಿ. ಅವರ ಮಾತಿಗೆ ಅಡ್ಡ ಬಾರದಂತೆ ನಮಗೂ ವಿವೇಕ ನೀಡಲಿ. ಆಮೀನ್.