ಪ್ರವಾಸದ ಕಡೇ ರಾತ್ರಿಯ ಊಟ

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಹಳೇ ವಿದ್ಯಾರ್ಥಿನಿಯರು ನಮ್ಮನ್ನು ಕೇಳಿಕೊಂಡಾಗ, ಶಿಸ್ತು, ವ್ಯಾಸಂಗ, ಪರೀಕ್ಷೆ ಮೊದಲಾದ ವಿಷಯಗಳನ್ನು ಕುರಿತು ನಾವು ಈಗಾಗಲೇ ಬೇಕಾದಷ್ಟು ಹೇಳಿ ಅವರಿಗೆ ಬೇಸರವನ್ನುಂಟುಮಾಡಿರುವುದು ನೆನಪಿಗೆ ಬಂತು. ಆದಕಾರಣ ಈ ಸಾರಿ ಒಂದು ಊಟದ ವಿಷಯವನ್ನು ಬರೆಯುತ್ತೇವೆ. ಒಂದು ಕುಟುಂಬದವರು ರಜೆಯ ಪ್ರವಾಸದ ಕಡೇ ರಾತ್ರಿ ಯಾವ ಹೋಟೆಲಿನಲ್ಲಿ ಉಣ್ಣಬೇಕೆಂದು ಯೋಚಿಸಿದ ಸಂಗತಿಯಿದು. ವಿಷಯವು ಅಲ್ಪವೆಂದು ತೋರಬಹುದು. ಆದರೆ ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಾ ಬಂದ ನಾವು ಕಲಿಯದೆ ಬಿಟ್ಟಿದ್ದ ಒಂದು ಪಾಠವನ್ನು ಆ ರಾತ್ರಿ ಕಲಿತೆವಾದುದರಿಂದ, ಅದನ್ನು ತಾಯಿತಂದೆಗಳ ಮುಂದೆ ಇಡುವುದು ಯುಕ್ತವೆಂದು ಭಾವಿಸುತ್ತೇವೆ.

ಕಳೆದ ಮೇ ತಿಂಗಳಲ್ಲಿ ನಮ್ಮ ಕುಟುಂಬದ ಐವರೂ ಮೂರು ದಿವಸಗಳ ಮಟ್ಟಿಗೆ ಕೊಲ್ಲೂರಿಗೆ ಹೋಗಿದ್ದೆವು. ಐವರೆಂದರೆ ನಾವು, ನಮ್ಮ ಯಜಮಾನರು, ಎಪ್ಪತ್ತೊಂಬತ್ತು ವರ್ಷ ಪ್ರಾಯದ ನಮ್ಮ ತಾಯಿಯವರು, ಎರಡನೆಯ ಪಿ.ಯು.ಸಿ. ಮುಗಿಸಿದ ಮಗಳು, ಏಳನೆಯ ತರಗತಿಯ ಮಗ. ಮಗಳು ದಾದಿಯ ವಿದ್ಯೆಯನ್ನು ಕಲಿಯುವುದಕ್ಕಾಗಿ ಬೆಂಗಳೂರಿಗೆ ಹೋಗುವವಳಿದ್ದಳು. ಮುಂದೆ ಅವಳ ರಜೆ ಬೇರೆ, ನಮ್ಮ ರಜೆ ಬೇರೆ. ಐವರೂ ಕೂಡಿ ಹೋಗುವ ಪ್ರವಾಸ ಬಹುಶಃ ಇದೇ ಕಡೆಯದೆಂದು ಎಲ್ಲರಿಗೂ ತಿಳಿದಿತ್ತು. ಬಾಯಿಬಿಟ್ಟು ಹೇಳಿದವರು ಯಾರೂ ಇಲ್ಲ.

ಮಕ್ಕಳ ಮನಸ್ಸಿನಲ್ಲಿದ್ದ ಸ್ಥಳ ಕೊಲ್ಲೂರಲ್ಲ. ಬಿಡದಿಯ ಬಳಿ 2005ರಲ್ಲಿ ತೆರೆಯಲ್ಪಟ್ಟ ವಂಡರ್‌ಲಾ ಎಂಬ ವಿನೋದ ಉದ್ಯಾನವನ್ನು ನೋಡಬೇಕು, ಅಲ್ಲಿಯ ತಿರುಗುವ ಯಂತ್ರಗಳಲ್ಲಿಯೂ ನೀರಿನ ಜಾರುಬಂಡೆಗಳಲ್ಲಿಯೂ ಆಡಬೇಕು ಎಂಬುದು ಮಗಳ ಬಹುದಿನದ ಆಶೆ. ಪ್ರತಿವರ್ಷವೂ ನಾವು ಆಗಲೆಂದು ಹೇಳಿ, ಪ್ರತಿವರ್ಷವೂ ಶಾಲೆಯ ಕೆಲಸವನ್ನು ಮುಂದೊಡ್ಡಿ, ಅದನ್ನು ತಳ್ಳುತ್ತಾ ಬಂದೆವು. ಈ ವರ್ಷ ಅಡ್ಡಬಂದದ್ದು ನಮ್ಮ ತಾಯಿಯವರ ಮೊಣಕಾಲು. ಅಲ್ಲದೆ ಅವರು ಐವತ್ತೇಳು ವರ್ಷಗಳ ಹಿಂದೆ ವಂಡ್ಸೆಯ ಕಡೆಯ ಒಂದು ಶಾಲೆಯಲ್ಲಿ ಎರಡು ವರ್ಷ ಉಪಾಧ್ಯಾಯಿನಿಯಾಗಿದ್ದವರು. ಆ ಕಾಡನ್ನೂ ಹೊಳೆಯನ್ನೂ ಇನ್ನೊಮ್ಮೆ ನೋಡಬೇಕೆಂದು ಎರಡು ಮೂರು ಸಾರಿ ಹೇಳಿದ್ದರು. ನಾವು ಕೂಡಲೆ ಕೊಲ್ಲೂರೆಂದು ನಿಶ್ಚಯಿಸಿದೆವು. ಮಗನು ಒಂದು ದಿವಸ ಮುನಿಸಿಕೊಂಡನು. ಮಗಳು ಏನೂ ಹೇಳಲಿಲ್ಲ. ಹೇಳದಿದ್ದುದನ್ನು ನಾವು ಒಪ್ಪಿಗೆಯೆಂದು ತಿಳಿದೆವು.

ಕೊಲ್ಲೂರು ಹಿಂದೆ ಕುಂದಾಪುರ ತಾಲೂಕಿನಲ್ಲಿದ್ದು ಈಗ ಬೈಂದೂರು ತಾಲೂಕಿಗೆ ಸೇರಿದೆ. ಕುಂದಾಪುರದಿಂದ ಸುಮಾರು 40 ಕಿಲೋಮೀಟರ್ ದೂರ. ಮೂಕಾಂಬಿಕಾ ದೇವಸ್ಥಾನದ ದರ್ಶನಕ್ಕಾಗಿ ಕೇರಳದಿಂದ ಬರುವ ಯಾತ್ರಿಕರು ಎಷ್ಟು ಮಂದಿಯೆಂದರೆ, ಅಂಗಡಿ ಹೋಟೆಲುಗಳ ಹಲಗೆಗಳಲ್ಲಿ ಕನ್ನಡದ ಪಕ್ಕದಲ್ಲಿ ಮಲಯಾಳದ ಅಕ್ಷರಗಳು ತಪ್ಪದೆ ಇರುತ್ತವೆ. ಊರ ಹಿಂದೆ 1343 ಮೀಟರ್ ಎತ್ತರದ ಕೊಡಚಾದ್ರಿ. ಊರ ಪಕ್ಕದಲ್ಲಿ ಸೌಪರ್ಣಿಕಾ ಹೊಳೆ.

ಮೊದಲನೆಯ ದಿವಸ ಹೊಳೆಯ ದಡದಲ್ಲಿ ಕಳೆಯಿತು. ಎರಡನೆಯ ದಿವಸ ಯಜಮಾನರೂ ಮಕ್ಕಳೂ ಜೀಪಿನಲ್ಲಿ ಕೊಡಚಾದ್ರಿಗೆ ಹೋಗಿ, ಜೀಪು ನಿಲ್ಲುವಲ್ಲಿಂದ ಸರ್ವಜ್ಞಪೀಠದ ತನಕ ನಡೆದು ಬಂದರು. ಆ ದಾರಿಯಲ್ಲಿ ಜೀಪು ಕುಲುಕಿದ ಕುಲುಕಾಟವನ್ನು ಕಂಡ ಮೇಲೆ ಬಿಡದಿಯ ಯಂತ್ರಗಳು ಬೇಡವೆಂದು ಮಗನು ಹೇಳಿದನು. ನಮಗೆ ಬಹಳ ಸಮಾಧಾನವಾಯಿತು. ಮೂರನೆಯ ದಿವಸ ಮರವಂತೆಗೆ ಹೋದೆವು. ಅಲ್ಲಿ 66ನೆಯ ರಾಷ್ಟ್ರೀಯ ಹೆದ್ದಾರಿಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಅದೇ ಸೌಪರ್ಣಿಕೆ. ಕೊಲ್ಲೂರಿನಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದ ಹೊಳೆ ಇಷ್ಟು ಅಗಲವಾಗಿ ಹರಿಯುವುದನ್ನು ನಮ್ಮ ತಾಯಿಯವರು ಕಾರಿನ ಕಿಟಕಿಯಿಂದ ಬಹಳ ಹೊತ್ತು ನೋಡಿದರು. ಸಂಜೆ ಐದು ಗಂಟೆಗೆ ವಸತಿಗೃಹಕ್ಕೆ ಹಿಂದಿರುಗಿದೆವು. ಮರುದಿನ ಬೆಳಿಗ್ಗೆ ಊರಿಗೆ ಹೊರಡತಕ್ಕದ್ದು. ಹೀಗಿರಲು, ರಾತ್ರಿಯ ಊಟ ಎಲ್ಲಿ ಎಂಬ ಪ್ರಶ್ನೆ ಬಂತು.

ಶಾಲೆಯ ಸಭೆಗಳಲ್ಲಿ ಮಾಡುವಂತೆ ನಾವು ಒಬ್ಬೊಬ್ಬರ ಅಭಿಪ್ರಾಯವನ್ನು ಕೇಳಿದೆವು. ಮಗನು, “ಕುಂದಾಪುರಕ್ಕೆ ಹೋಗಿ ಕೋಳಿ ಘೀ ರೋಸ್ಟ್ ತಿನ್ನೋಣ” ಎಂದನು. ಆ ಪದಾರ್ಥಕ್ಕೆ ಕುಂದಾಪುರವೇ ತವರೂರಾದುದರಿಂದ ಅವನ ಮಾತಿನಲ್ಲಿ ನ್ಯಾಯವಿತ್ತು. ಆದರೆ ಹೋಗಿ ಬರುವುದಕ್ಕೆ 80 ಕಿಲೋಮೀಟರ್. ಹಿಂದಿರುಗುವಾಗ ಕತ್ತಲೆ, ಕಾಡಿನ ತಿರುವುಗಳು. ಯಜಮಾನರಿಗೆ ಕೇರಳದವರು ನಡೆಸುವ ಒಂದು ಹೋಟೆಲಿನಲ್ಲಿ ಪುಟ್ಟು ಕಡಲೆಯನ್ನು ತಿನ್ನಬೇಕೆಂದಿತ್ತು. ದೇವಸ್ಥಾನದಲ್ಲಿ ಯಾತ್ರಿಕರಿಗೆ ಅನ್ನಪ್ರಸಾದದ ಏರ್ಪಾಡು ಉಂಟು; ಆದರೆ ನಾವು ಯಾತ್ರಿಕರಾಗಿ ಬಂದವರಲ್ಲವಾದುದರಿಂದ ಆ ವಿಚಾರವನ್ನು ಎತ್ತಲಿಲ್ಲ. ನಮ್ಮ ತಾಯಿಯವರು, “ಎಲ್ಲಿಯಾದರೂ ಆದೀತು, ನನಗೇನು, ಎರಡು ತುತ್ತು” ಎಂದರು. ಮಗಳನ್ನು ಕೇಳುವ ಹೊತ್ತಿಗೆ ನಾವು ಗಡಿಯಾರವನ್ನು ನೋಡಿ, “ಹಾಗಾದರೆ ವಸತಿಗೃಹದ ಭೋಜನಶಾಲೆಯೇ ಒಳ್ಳೆಯದು; ಬೆಳಿಗ್ಗೆಯೇ ಮೇಜನ್ನು ಗೊತ್ತುಮಾಡಿದ್ದೇವೆ” ಎಂದೆವು.

ಆಗ ಮಗಳು ಮೆಲ್ಲಗೆ, “ಅಮ್ಮಾ, ಕೇಳುವವರೂ ನೀವೇ, ಉತ್ತರ ಹೇಳುವವರೂ ನೀವೇ. ಹಾಗಾದರೆ ನಮ್ಮನ್ನು ಕೇಳುವುದು ಯಾತಕ್ಕೆ?” ಎಂದಳು.

ಯಜಮಾನರು ಕಿಟಕಿಯ ಹೊರಗೆ ನೋಡಿದರು. ಮಗನು ತಲೆ ತಗ್ಗಿಸಿದನು. ಶಾಲೆಯಲ್ಲಿ ಇಂಥ ಮಾತನ್ನು ನಮಗೆ ಯಾರೂ ಹೇಳುವುದಿಲ್ಲ. ಹೇಳದೆ ಇರುವುದಕ್ಕೆ ಕಾರಣ ನಮ್ಮ ಮೇಲಿನ ಗೌರವವೆಂದು ಇಷ್ಟು ವರ್ಷ ನಂಬಿದ್ದೆವು. ಗದರಿಸುವುದಕ್ಕೆ ನಾಲಿಗೆಯ ತುದಿಗೆ ಬಂದ ಮಾತು, ಏಕೋ, ಅಲ್ಲಿಯೇ ನಿಂತಿತು. ಬಿಡದಿಯ ವಿಷಯವೂ ನೆನಪಿಗೆ ಬಂತು. ಸ್ವಲ್ಪ ಹೊತ್ತಿನ ಮೇಲೆ, “ಹಾಗಾದರೆ ನೀನೇ ಹೇಳು, ನೀನು ಹೇಳಿದಲ್ಲಿಗೆ ಹೋಗೋಣ” ಎಂದೆವು. ಈ ಎರಡು ವಾಕ್ಯಗಳನ್ನು ಹೇಳುವುದು ಸುಲಭವಾಗಲಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ.

ಅವಳು ಹೇಳಿದ್ದು ಬಸ್ಸು ನಿಲ್ದಾಣದ ಕಡೆಯ ಒಂದು ಚಿಕ್ಕ ಹೋಟೆಲು. ನಾಲ್ಕು ಬೆಂಚುಗಳು, ಹೊಗೆ ಹಿಡಿದ ಮಾಡು. ಗಂಡ ಹೆಂಡತಿ ಇಬ್ಬರೇ ನಡೆಸುವ ವ್ಯಾಪಾರ. ಮೊದಲನೆಯ ದಿವಸ ಅಲ್ಲಿ ಚಾ ಕುಡಿದಿದ್ದೆವು, ನಮಗೆ ಮರೆತುಹೋಗಿತ್ತು. “ಅಜ್ಜಿ ಮೂರು ದಿವಸದಿಂದ ಸರಿಯಾಗಿ ಊಟ ಮಾಡಲಿಲ್ಲ” ಎಂದು ಅವಳು ಹೇಳಿದಳು. “ಭೋಜನಶಾಲೆಯ ರೊಟ್ಟಿ ಅವರ ಹಲ್ಲಿಗೆ ಆಗುವುದಿಲ್ಲ. ಪಲ್ಯ ಖಾರ. ನೀವು ನೋಡುವಾಗ ಬೆರಳಾಡಿಸುತ್ತಾರೆ; ಆಮೇಲೆ ತಟ್ಟೆಯನ್ನು ದೂರ ಮಾಡುತ್ತಾರೆ. ಆ ಹೋಟೆಲಿನ ಅಮ್ಮನವರು ರಾತ್ರಿ ತಮ್ಮ ಮನೆಯವರಿಗೋಸ್ಕರ ಕುಚ್ಚಲಕ್ಕಿ ಗಂಜಿ ಮಾಡುತ್ತಾರಂತೆ. ನಮಗೂ ಮಾಡಿಕೊಡುತ್ತೀರೋ ಎಂದು ಬೆಳಿಗ್ಗೆ ಕೇಳಿ ಬಂದೆ.”

ನಾವು ಬೆಳಿಗ್ಗೆ ಮೇಜನ್ನು ಗೊತ್ತುಮಾಡಿದ ಹೊತ್ತಿನಲ್ಲಿಯೇ ಅವಳು ಗಂಜಿಯನ್ನು ಗೊತ್ತುಮಾಡಿದ್ದಳು! ತಾಯಿಯ ಗುಣ ಮಗಳಿಗೆ ಬಾರದಿರುತ್ತದೆಯೇ? ವ್ಯತ್ಯಾಸ ಇಷ್ಟೇ: ನಾವು ನೋಡಿದ್ದು ಬಿಳಿಯ ಬಟ್ಟೆ ಹಾಸಿದ ಮೇಜನ್ನು, ಅವಳು ನೋಡಿದ್ದು ಅಜ್ಜಿಯ ತಟ್ಟೆಯನ್ನು. ಮೂರು ದಿವಸಗಳ ಅವಳ ಮೌನವನ್ನು ನಾವು ವಂಡರ್‌ಲಾದ ಮುನಿಸೆಂದು ತಿಳಿದಿದ್ದೆವು. ದಾದಿಯಾಗಲು ಹೊರಟವಳು ರೋಗಿಯ ಬಳಿಯಲ್ಲಿ ಹೇಗಿರಬೇಕೋ ಹಾಗೆ ಆಗಲೇ ಇದ್ದಳು, ನಮಗೆ ಕಾಣಲಿಲ್ಲ.

ಏಳು ಗಂಟೆಗೆ ಹೋದೆವು. ಮೇಜನ್ನು ಬಿಟ್ಟುಕೊಡುವೆವೆಂದು ಭೋಜನಶಾಲೆಯವರಿಗೆ ತಿಳಿಸಿದಾಗ ಅವರು ಏನೂ ಬೇಸರಪಡಲಿಲ್ಲ. ಹೋಟೆಲಿನ ಅಮ್ಮನವರು ನಮ್ಮ ತಾಯಿಯವರ ಕೈ ಹಿಡಿದು, “ಬನ್ನಿ, ಕೂಕಣಿ” ಎಂದು ಗೋಡೆಯ ಕಡೆಯ ಬೆಂಚಿನಲ್ಲಿ ಕೂರಿಸಿದರು. ಆ ಕುಂದಗನ್ನಡವನ್ನು ಕೇಳಿದ್ದೇ ತಡ, ಐವತ್ತೇಳು ವರ್ಷಗಳ ಹಿಂದೆ ಕಲಿತಿದ್ದ ಅದೇ ಮಾತು ನಮ್ಮ ತಾಯಿಯವರ ಬಾಯಿಂದ ಸಲೀಸಾಗಿ ಹೊರಟಿತು. ಆಗ ತಾವು ಇದ್ದ ಮನೆಯವರು ಯಾರು, ಅವರ ಗದ್ದೆ ಎಲ್ಲಿತ್ತು, ಮಳೆಗಾಲದಲ್ಲಿ ಹೊಳೆ ದಾಟಲಾರದೆ ಎಷ್ಟು ಮಕ್ಕಳು ಶಾಲೆಗೆ ಬರುತ್ತಿರಲಿಲ್ಲ ಎಂಬುದನ್ನೆಲ್ಲಾ ಅವರು ಹೇಳಿದರು. ಆ ಕಥೆಗಳಲ್ಲಿ ಅರ್ಧದಷ್ಟನ್ನು ಮಗಳಾದ ನಾವೇ ಕೇಳಿದ್ದಿಲ್ಲ.

ಗಂಜಿ ಬಂತು. ಜೊತೆಗೆ ಹುರುಳಿ ಚಟ್ನಿ, ಹೆಸರುಕಾಳಿನ ಪಲ್ಯ, ಮಾವಿನ ಮಿಡಿಯ ಉಪ್ಪಿನಕಾಯಿ; ಗಂಜಿ ಬೇಡವೆಂದವನಿಗೆ ನೀರುದೋಸೆ. ಪಕ್ಕದ ಬೆಂಚಿನಲ್ಲಿದ್ದ ಕೇರಳದ ಒಂದು ಕುಟುಂಬದವರು ನಮ್ಮ ಎಲೆಗಳನ್ನು ನೋಡಿ, ಅದೇ ಗಂಜಿಯನ್ನೂ ಹೆಸರುಕಾಳನ್ನೂ ತಮ್ಮ ಭಾಷೆಯಲ್ಲಿ ಕೇಳಿ ತರಿಸಿಕೊಂಡರು. ಯಜಮಾನರು ಪುಟ್ಟನ್ನು ಮರೆತು ಎರಡನೆಯ ಬಟ್ಟಲು ಗಂಜಿಗೆ ಕೈನೀಡುತ್ತಾ, ಮಗಳಿಗೆ ಧೈರ್ಯ ಹೇಳುವವರಂತೆ, “ಬೆಂಗಳೂರಿನಲ್ಲಿ ನೀನು ಹೊಟ್ಟೆಗೆ ಹೆದರಬೇಕಾಗಿಲ್ಲ. ಇಂದು ಮಾವಳ್ಳಿ ಟಿಫಿನ್ ರೂಮೆಂದು ಹೆಸರಾದ ಹೋಟೆಲನ್ನು 1924ರಲ್ಲಿ ಅಲ್ಲಿ ಆರಂಭಿಸಿದವರು ನಮ್ಮ ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ಸಿಕ್ಕದೆ ಹೋದಾಗ ರವೆಯಿಂದ ಇಡ್ಲಿ ಮಾಡಿ ಜನರಿಗೆ ಉಣಬಡಿಸಿದೆವೆಂದು ಅವರು ಹೇಳಿಕೊಳ್ಳುತ್ತಾರೆ” ಎಂದರು. ಮಗಳು ನಕ್ಕು, “ಅಪ್ಪಾ, ಅಲ್ಲಿ ಗಂಜಿ ಸಿಕ್ಕುತ್ತದೋ?” ಎಂದು ಕೇಳಿದಳು. ಅದಕ್ಕೆ ಅವರಲ್ಲಿ ಉತ್ತರವಿರಲಿಲ್ಲ.

ನಮ್ಮ ತಾಯಿಯವರ ಬಟ್ಟಲು ಬರಿದಾಯಿತು. ಇನ್ನು ಸ್ವಲ್ಪ ಹಾಕಿಸಿಕೊಂಡರು. ಮೂರು ದಿವಸ ಒಂದೇ ಮೇಜಿನಲ್ಲಿ ಎದುರು ಕೂತಿದ್ದರೂ ನಾವು ಕಾಣದೆ ಹೋದ ಅವರ ಹಸಿವನ್ನು ಆಗ ಕಂಡೆವು. ನಮಗೆ ಗಂಜಿ ಸ್ವಲ್ಪ ಹೊತ್ತು ಗಂಟಲಿಳಿಯಲಿಲ್ಲ. ಐದು ಜನರ ಊಟಕ್ಕೆ ಅವರು ತೆಗೆದುಕೊಂಡದ್ದು 380 ರೂಪಾಯಿ; ಅಜ್ಜಿಯ ಗಂಜಿಗೆ ಮಾತ್ರ ಹಣ ಬೇಡವೆಂದರು. ಮಗನಿಗೆ ಸಲ್ಲತಕ್ಕ ಘೀ ರೋಸ್ಟು ಮರುದಿನ ಮಧ್ಯಾಹ್ನ ಕುಂದಾಪುರದಲ್ಲಿ ಸಂದಿತು. ಹಾಗೆ ನೋಡಿದರೆ ಪ್ರವಾಸದ ಕಡೇ ಊಟ ಅದೇ. ಆದರೆ ಮನೆಯಲ್ಲಿ ಈಗಲೂ ಕಡೇ ಊಟವೆಂದರೆ ಎಲ್ಲರೂ ಹೇಳುವುದು ಗಂಜಿಯನ್ನೇ.

ಕುಟುಂಬದವರೆಲ್ಲರೂ ಕೂಡಿ ಉಣ್ಣುವುದಕ್ಕೆ ಸ್ಥಳವನ್ನು ಆರಿಸುವಾಗ ಹೋಟೆಲಿನ ಹೆಸರನ್ನೂ ಮೇಜಿನ ಬಟ್ಟೆಯನ್ನೂ ನೋಡುವುದು ಆಮೇಲಿನ ಕೆಲಸ. ಎಲ್ಲರಿಗಿಂತ ಕಡಿಮೆ ಉಣ್ಣುವವರು ಯಾರು, ಅವರು ಏನನ್ನು ಉಣ್ಣಬಲ್ಲರು ಎಂಬುದನ್ನು ಮೊದಲು ನೋಡಬೇಕು. ಅದನ್ನು ಬಲ್ಲವರು ಹಲವು ಸಾರಿ ಮನೆಯಲ್ಲಿ ಮಾತಾಡದೆ ಕೂತವರೇ ಆಗಿರುತ್ತಾರೆ. ಅವರನ್ನು ಕೇಳಬೇಕು, ಕೇಳಿದ ಮೇಲೆ ಉತ್ತರ ಬರುವ ತನಕ ಕಾಯಬೇಕು. ಕೇಳುವುದು ನಮಗೆ ಮೊದಲೇ ಗೊತ್ತಿತ್ತು. ಕಾಯುವುದು ಗೊತ್ತಿರಲಿಲ್ಲ.

ಶಾಲೆ ತೆರೆದ ಮೇಲೆ, ಹತ್ತನೆಯ ತರಗತಿಯನ್ನು ಮುಗಿಸಿದ ಹುಡುಗಿಯೊಬ್ಬಳನ್ನು ತಾಯಿತಂದೆಗಳು ನಮ್ಮ ಕೋಣೆಗೆ ಕರೆದುಕೊಂಡು ಬಂದರು. ಮುಂದೆ ಯಾವ ವಿಷಯವನ್ನು ಓದಿಸಬೇಕೆಂದು ಅವರು ನಮ್ಮನ್ನು ಕೇಳಿದರು. ನಾವು ವಾಡಿಕೆಯಂತೆ ಅಂಕಪಟ್ಟಿಯನ್ನು ತೆರೆದು ಉತ್ತರ ಹೇಳುವುದಕ್ಕೆ ಬಾಯಿ ತೆರೆದವರು, ಅದನ್ನು ಮುಚ್ಚಿ, “ನೀನು ಏನು ಹೇಳುತ್ತೀ, ಮಗಾ?” ಎಂದು ಕೇಳಿದೆವು. ಅವಳು ಬಹಳ ಹೊತ್ತು ಸುಮ್ಮನಿದ್ದಳು. ತಂದೆಯವರು ಮಾತೆತ್ತಲು ಹೊರಟಾಗ ಕೈಸನ್ನೆಯಿಂದ ತಡೆದೆವು. ಕಡೆಗೆ ಅವಳು ಹೇಳಿದ ವಿಷಯವನ್ನು ನಾವು ಮೂವರೂ ಊಹಿಸಿರಲಿಲ್ಲ. ಅವಳು ಈಗ ಅದನ್ನೇ ಓದುತ್ತಿದ್ದಾಳೆ.

ನಮ್ಮ ತಾಯಿಯವರು ಈಗ ಮನೆಯ ಮೆಟ್ಟಿಲಿಳಿಯುವುದಿಲ್ಲ. ಆದರೂ ವಾರಕ್ಕೊಮ್ಮೆ ಕೊಲ್ಲೂರಿನ ಗಂಜಿಯ ಮಾತು ಬರುತ್ತದೆ. ಮಗಳು ತನ್ನ ಮೊದಲ ರಜೆಯಲ್ಲಿ ಗೆಳತಿಯರೊಡನೆ ಬಿಡದಿಗೆ ಹೋಗಿ, ನೀರಿನಲ್ಲಿ ತೊಯ್ದು ನಗುತ್ತಿರುವ ಚಿತ್ರವನ್ನು ನಮಗೆ ಕಳುಹಿಸಿದಳು. ಅದರ ಕೆಳಗೆ, “ಅಮ್ಮಾ, ಇಲ್ಲಿ ಊಟ ಎಲ್ಲಿ ಮಾಡಬೇಕೆಂದು ಎಲ್ಲರನ್ನೂ ಕೇಳಿದೆ, ಕಾದೆ, ಅಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆಯಾಯಿತು” ಎಂದು ಬರೆದಿದ್ದಳು. ಕಾಯುವುದಕ್ಕೂ ಒಂದು ಮಿತಿಯುಂಟೆಂದು ನಾವು ಉತ್ತರ ಬರೆದೆವು.